ಹೆಸರು, ತಂದೆ ಹೆಸರು, ಊರು

ನನ್ನ ಹೆಸರನ್ನು ಮೈಕಿನಲ್ಲಿ ಮೊದಲ ಸಲ ಕೂಗಿದವರು ನಮ್ಮ ಡ್ರಿಲ್ ಮೇಷ್ಟ್ರು. 1986ನೇ ಇಸವಿ, ಸಿರುಗುಪ್ಪ ತಾಲ್ಲೂಕು ಮಟ್ಟದ ಕ್ರೀಡಾಕೂಟ, ಪ್ರೌಢಶಾಲೆ ಹುಡುಗಿಯರ 800 ಮೀಟರ್ ಓಟ. ಬಹುಮಾನಕ್ಕೆ ಕರೆಯುವಾಗ ಅವರು ನನ್ನ ಹೆಸರಷ್ಟನ್ನೇ ಹೇಳಿ ಸುಮ್ಮನಾಗಲಿಲ್ಲ. ಹೆಸರು, ತಂದೆ ಹೆಸರು, ಊರು ದೇಶನೂರು ಎಂದು ಮೂರನ್ನೂ ಬಿಡಿಬಿಡಿಯಾಗಿ, ಮೈದಾನದಾಚೆಯ ಗದ್ದೆಯಲ್ಲಿ ಕಳೆ ಕೀಳುತ್ತಿದ್ದವರಿಗೂ ಕೇಳುವ ಹಾಗೆ ಕೂಗಿದರು. ಬಹುಮಾನವೆಂದು ಕೊಟ್ಟದ್ದು ಒಂದು ಸ್ಟೀಲ್ ಲೋಟ. ಅದು ಈಗಲೂ ನನ್ನ ಅಡುಗೆಮನೆಯಲ್ಲಿದೆ, ತಳ ಸ್ವಲ್ಪ ನೆಗ್ಗಿದೆ. ಲೋಟಕ್ಕಿಂತ ಆ ಕೂಗು ಹೆಚ್ಚು ಗಟ್ಟಿಯಾಗಿ ನನ್ನೊಳಗೆ ಉಳಿದಿದೆ.

ಅಂದು ಸಂಜೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಊರು ಮುಟ್ಟಿತ್ತು. ಸಂತೆಗೆ ಹೋಗಿದ್ದ ಯಾರೋ ಅಪ್ಪನಿಗೆ ಹೇಳಿದ್ದರಂತೆ: 'ಸಿರುಗುಪ್ಪದಾಗ ಮೈಕಿನಾಗ ನಿನ್ನ ಹೆಸರು ಕೂಗಿದ್ರಲ್ಲೋ!' ಅಪ್ಪ ಪಾಲಿಗೆ ಗದ್ದೆ ಮಾಡುತ್ತಿದ್ದವನು. ಅವನ ಹೆಸರು ಸೊಸೈಟಿಯ ಸಾಲದ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಕೇಸು ಗೀಸು ಏನಾದರೂ ಆಯಿತೋ ಎಂದು ಮೊದಲು ಗಾಬರಿಯಾದನಂತೆ. ಅವ್ವ ಇದನ್ನು ಎಷ್ಟೋ ವರ್ಷ ಹೇಳಿ ಹೇಳಿ ನಗುತ್ತಿದ್ದಳು.

ನಮ್ಮ ಊರಿನ ಕಾಲುವೆ ವಿಜಯನಗರದ ಅರಸರ ಕಾಲದ್ದು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಬರುವುದಕ್ಕೆ ನೂರಾರು ವರ್ಷ ಮೊದಲೇ ಹೊಳೆಯ ನೀರು ದೇಶನೂರಿಗೂ ಸಿರುಗುಪ್ಪಕ್ಕೂ ಬರುತ್ತಿತ್ತು. ಆ ಕಾಲುವೆಯ ದಂಡೆಯೇ ನನ್ನ ಓಟದ ಅಂಗಳ. ಓಡಬೇಕೆಂದು ಓಡಿದವಳಲ್ಲ ನಾನು. ಬೆಳಿಗ್ಗೆ ಗದ್ದೆಗೆ ಬುತ್ತಿ ಮುಟ್ಟಿಸಿ, ವಾಪಸು ಬಂದು, ಸಿರುಗುಪ್ಪದ ಶಾಲೆಯ ಗಂಟೆ ಹೊಡೆಯುವುದರೊಳಗೆ ಅಲ್ಲಿರಬೇಕಿತ್ತು. ತಡವಾಗಿ ಬಂದವರನ್ನು ಗೇಟಿನ ಬಳಿ ನಿಲ್ಲಿಸುತ್ತಿದ್ದವರು ಇದೇ ಡ್ರಿಲ್ ಮೇಷ್ಟ್ರು. ಒಂದು ದಿನ ನನ್ನ ಕಾಲಿನ ಕೆಸರು ನೋಡಿ 'ಎಲ್ಲಿಂದ ಓಡಿ ಬಂದಿ?' ಎಂದರು. ಹೇಳಿದೆ. 'ಎಷ್ಟು ಹೊತ್ತಾತು?' ಎಂದರು. ನಮ್ಮ ಮನೆಯಲ್ಲಿ ಗಡಿಯಾರ ಎಲ್ಲಿತ್ತು? 'ಕಾಲುವೆ ದಾಟುವಾಗ ಬಸ್ಸು ಹೊಂಟಿತ್ತು ಸಾರ್, ಅದರ ಹಿಂದೇ ಬಂದೆ' ಎಂದೆ. ಅವರು ನನ್ನನ್ನು ಹೊರಗೆ ನಿಲ್ಲಿಸಲಿಲ್ಲ. ಸಂಜೆ ಮೈದಾನಕ್ಕೆ ಬಾ ಎಂದರು.

ಆ ಮೈದಾನದ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಅದನ್ನು ಮೈದಾನವಾಗಿ ಮಾಡಿದ್ದೇ ಅವರು. ಉಳಿದ ದಿನಗಳಲ್ಲಿ ಅದು ಎಮ್ಮೆ ಹಾಯುವ ಬಯಲು. ಮಳೆ ಬಿದ್ದರೆ ಎರೆಮಣ್ಣು ಕಾಲಿಗೆ ಸೇರುಗಟ್ಟಲೆ ಹತ್ತುತ್ತಿತ್ತು, ಬಿಸಿಲು ಬಿದ್ದರೆ ಬಿರುಕು ಬಿಟ್ಟು ಹಿಮ್ಮಡಿ ಸಿಕ್ಕಿಕೊಳ್ಳುತ್ತಿತ್ತು. ಕೂಟಕ್ಕೆ ಮೂರು ದಿನ ಇರುವಾಗ ಮೇಷ್ಟ್ರು ಒಂದು ಗೂಟ, ಒಂದು ಹುರಿ, ಟೇಪು, ಸುಣ್ಣದ ಪುಡಿಯ ಬುಟ್ಟಿ ಹಿಡಿದು ಬರುವರು. 200 ಮೀಟರಿನ ಪಥ. ಎರಡು ಕಡೆ 40 ಮೀಟರ್ ನೇರ ಗೆರೆ, ಎರಡು ಕಡೆ ಅರ್ಧ ವೃತ್ತ. ಓಟದ ತ್ರಿಜ್ಯ 19 ಮೀಟರ್ 10 ಸೆಂಟಿಮೀಟರ್, ಅದರಲ್ಲಿ 30 ಸೆಂಟಿಮೀಟರ್ ಕಳೆದು 18 ಮೀಟರ್ 80ಕ್ಕೆ ಒಳಗೆರೆ. ಓಡುವವಳ ಕಾಲು ಗೆರೆಯ ಮೇಲೆ ಬೀಳುವುದಿಲ್ಲ, ಸ್ವಲ್ಪ ಆಚೆ ಬೀಳುತ್ತದೆ, ಅದಕ್ಕೇ ಆ 30 ಕಳೆಯುವುದು ಎಂದು ನಮಗೆ ಬಿಡಿಸಿ ಹೇಳುತ್ತಿದ್ದರು. ಗಣಿತದ ತರಗತಿಯಲ್ಲಿ ನನಗೆ ಎಂದೂ ಹತ್ತದ ಪೈ, ಹುರಿ ಹಿಡಿದು ಗೂಟದ ಸುತ್ತ ನಡೆಯುವಾಗ ಹತ್ತಿತು.

ಒಂದು ಸುತ್ತಿನ 200 ಮೀಟರ್ ಓಟಕ್ಕೆ ಎರಡನೇ ಲೇನಿನವಳು ಒಳಗಿನವಳಿಗಿಂತ 7 ಮೀಟರ್ 4 ಸೆಂಟಿಮೀಟರ್ ಮುಂದೆ ನಿಲ್ಲಬೇಕು, ಅದರಾಚೆಯವರು ಇನ್ನೂ ಮುಂದೆ. ಹೊಸದಾಗಿ ನೋಡುವವರು 'ಇದೇನು ಮೋಸ, ಆಕಿ ಅಷ್ಟು ಮುಂದ ನಿಂತಾಳಲ್ಲ' ಎಂದು ಗದ್ದಲ ಮಾಡುತ್ತಿದ್ದರು. ಮೇಷ್ಟ್ರು ಸಿಟ್ಟಾಗದೆ ಅವರ ಕೈಗೇ ಟೇಪು ಕೊಟ್ಟು ಅಳೆಯಲು ಹೇಳುವರು. ಹೊರಗೆ ನಿಂತವರಿಗೆ ತಿರುವು ದೊಡ್ಡದು, ಅದನ್ನು ಲೆಕ್ಕಕ್ಕೆ ಹಿಡಿಯದೆ ಎಲ್ಲರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿದರೆ ಅದೇ ಮೋಸ ಎಂದು ಅವರ ವಾದ. ಪಾಲಿಗೆ ಗದ್ದೆ ಮಾಡುವವನ ಮಗಳಾಗಿ ನಾನು ಆ ಮಾತನ್ನು ಕ್ರೀಡೆಯ ಮಾತು ಎಂದಷ್ಟೇ ಕೇಳಿಸಿಕೊಳ್ಳಲಿಲ್ಲ.

ಈ ಅಳತೆಗಳನ್ನು ಅವರಿಗೆ ಕಲಿಸಿದ ಗುರುಗಳು ಮದರಾಸಿನ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಲಿತು ಬಂದವರು. 1953ರವರೆಗೆ ಬಳ್ಳಾರಿ ಮದರಾಸು ಪ್ರಾಂತ್ಯದಲ್ಲೇ ಇತ್ತಲ್ಲ, ನಮ್ಮ ಕಡೆಯವರಿಗೆ ಓದಿಗೆ, ಕೋರ್ಟಿಗೆ, ಕೆಲಸಕ್ಕೆ ಎಲ್ಲದಕ್ಕೂ ಮದರಾಸೇ ದಿಕ್ಕು. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವರು ಕಟ್ಟಿದ ಕಾಲೇಜು ಅದು. ಅದೇ ಬಕ್ 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ಭಾರತದ ತಂಡವನ್ನು ಕರೆದುಕೊಂಡು ಹೋದವರು. ಬಕ್ ಕಲಿಸಿದ್ದು ಯಾರಿಗೋ, ಅವರು ಕಲಿಸಿದ್ದು ನಮ್ಮ ಮೇಷ್ಟ್ರಿಗೆ, ಮೇಷ್ಟ್ರಿಂದ ದೇಶನೂರಿನ ನನಗೆ. ಸಂಗೀತದವರು ಗುರುಪರಂಪರೆಯನ್ನು ಹೇಳುವಾಗ ಕಿವಿ ಮುಟ್ಟಿಕೊಳ್ಳುತ್ತಾರೆ. ನಮಗೂ ಅಂಥದ್ದೊಂದು ಇದೆ. ನಾವು ಹೇಳಿಕೊಳ್ಳುವುದನ್ನು ಕಲಿತಿಲ್ಲ, ಅಷ್ಟೆ.

ತಾಲ್ಲೂಕಿನಲ್ಲಿ ಮೊದಲನೆಯವಳಾದ ಆ ವರ್ಷ ಅಪ್ಪ ನನ್ನನ್ನು ಬಳ್ಳಾರಿಗೆ ಕಳಿಸಲಿಲ್ಲ. ಜಿಲ್ಲಾ ಕೂಟವೆಂದರೆ ಎರಡು ರಾತ್ರಿ ಹೊರಗೆ ಉಳಿಯಬೇಕು. ಅದಕ್ಕಿಂತ ದೊಡ್ಡ ತೊಡಕು ಉಡುಪಿನದು. ನಾನು ಓಡಿದ್ದು ಲಂಗವನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು. ಬಳ್ಳಾರಿಯಲ್ಲಿ ಚಡ್ಡಿ ಹಾಕಬೇಕಂತೆ ಎಂಬ ಮಾತು ಊರಲ್ಲಿ ಹಬ್ಬಿತ್ತು. ಅಪ್ಪ ಬಾಯಿ ಬಿಟ್ಟು ಬೇಡ ಎನ್ನಲಿಲ್ಲ, ಕೊಟ್ಟಿಗೆಗೆ ಹೋಗಿ ಎತ್ತಿನ ಮೈ ತಿಕ್ಕತೊಡಗಿದ. ಅವನು ಹಾಗೆ ಎದ್ದು ಹೋದರೆ ಮಾತು ಮುಗಿಯಿತು ಎಂದೇ ಅರ್ಥ.

ಅದೇ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಸೋಲ್ ಏಷ್ಯನ್ ಕ್ರೀಡಾಕೂಟ ನಡೆಯಿತು. ಪಿ.ಟಿ. ಉಷಾ ನಾಲ್ಕು ಚಿನ್ನ, ಒಂದು ಬೆಳ್ಳಿ ತಂದರು. 4x400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲಿ ನಮ್ಮ ಹೊನ್ನಾವರದ ವಂದನಾ ರಾವ್ ಇದ್ದರು. ಮೇಷ್ಟ್ರು ಪತ್ರಿಕೆಯ ಚಿತ್ರಗಳನ್ನು ಕತ್ತರಿಸಿ ಒಂದು ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದರು. ಆ ಪುಸ್ತಕವನ್ನು ನನಗೆ ತೋರಿಸಿದ ದಿನ ನಾನು ನೋಡಿದ್ದು ಉಷಾರನ್ನು, ಅವರು ಬೆರಳಿಟ್ಟು ತೋರಿಸಿದ್ದು ಪಕ್ಕದಲ್ಲಿ ನಿಂತ ಗಂಡಸನ್ನು. 'ಇವ್ರು ನಂಬಿಯಾರ್ ಅಂತ. ಈ ಹುಡುಗಿ ಸಣ್ಣಾಕಿ ಇದ್ದಾಗ ಕಣ್ಣೂರಿನ ಶಾಲೆಯಾಗ ಇವ್ರ ಕಣ್ಣಿಗೆ ಬಿದ್ಲು' ಎಂದರು. ತರಬೇತುದಾರರಿಗೆಂದು ಕೇಂದ್ರ ಸರ್ಕಾರ ದ್ರೋಣಾಚಾರ್ಯ ಪ್ರಶಸ್ತಿ ಶುರು ಮಾಡಿದ್ದು 1985ರಲ್ಲಿ. ಮೊದಲ ಸಲವೇ ಅದನ್ನು ಪಡೆದವರಲ್ಲಿ ಒ.ಎಂ. ನಂಬಿಯಾರ್ ಒಬ್ಬರು. ಆ ವಾರ್ತೆಯೂ ನೋಟ್‌ಬುಕ್ಕಿನಲ್ಲಿತ್ತು, ಸುತ್ತ ಕೆಂಪು ಪೆನ್ಸಿಲ್ಲಿನ ಗೆರೆ.

ಮರುವರ್ಷ, ನಾನು ಹತ್ತನೆಯ ತರಗತಿಯಲ್ಲಿದ್ದಾಗ, ಮೇಷ್ಟ್ರು ಆ ನೋಟ್‌ಬುಕ್ಕನ್ನು ಸೈಕಲ್ಲಿಗೆ ಕಟ್ಟಿಕೊಂಡು ನಮ್ಮ ಮನೆಗೇ ಬಂದರು. ಜೊತೆಗೆ ಅವರ ಹೆಂಡತಿ, ಹಿಂದೆ ಕ್ಯಾರಿಯರಿನ ಮೇಲೆ. ಅಪ್ಪ ಜಗಲಿಯ ಮೇಲೆ ಕಂಬಳಿ ಹಾಸಿದ. 'ನೋಡ್ರೀ ಯಜಮಾನ್ರ, ನಾಲ್ಕು ದಿನದ ಮಾತು. ನಮ್ಮ ಮನಿಯಾಕಿನೂ ಬಳ್ಳಾರಿಗೆ ಬರ್ತಾಳ, ಹುಡುಗ್ಯಾರ ಜೋಡಿ ಆಕಿನೇ ಮಲಗ್ತಾಳ. ನೀವೂ ಬರ್ರಿ, ಕಣ್ಣಾರೆ ನೋಡ್ರಿ' ಎಂದರು. ಅವರ ಹೆಂಡತಿ ಒಳಗೆ ಬಂದು ಅವ್ವನ ಕೈಗೆ ಒಂದು ಗಂಟು ಕೊಟ್ಟರು. ಮೊಣಕಾಲು ಮುಟ್ಟುವಷ್ಟು ಉದ್ದದ ನೀಲಿ ಚಡ್ಡಿ, ತೋಳಿನ ಬಿಳಿ ಅಂಗಿ, ತಾವೇ ಹೊಲಿದದ್ದು. ಅವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, 'ಲಂಗಕ್ಕಿಂತ ಇದರಾಗೇ ಮೈ ಹೆಚ್ಚು ಮುಚ್ಚತೈತಲ್ಲ' ಎಂದಳು. ನನ್ನ ಓಟಕ್ಕೆ ಸಿಕ್ಕ ಮೊದಲ ಅನುಮತಿ ಅದು. ಮೇಷ್ಟ್ರ ಹೆಂಡತಿಯನ್ನು ಯಾವ ವೇದಿಕೆಯೂ ಯಾವತ್ತೂ ಕರೆಯಲಿಲ್ಲ.

ತೆಕ್ಕಲಕೋಟೆ ದಾಟಿ ಬಸ್ಸು ಬಳ್ಳಾರಿಯ ಹತ್ತಿರ ಬರುತ್ತಿದ್ದಂತೆ ಕೋಟೆ ಗುಡ್ಡ ಕಾಣಿಸಿತು. ಅಷ್ಟು ದೊಡ್ಡ ಬಂಡೆಯನ್ನು ನಾನು ನೋಡಿರಲಿಲ್ಲ. ನಮ್ಮ ಕಡೆ ಎಲ್ಲ ಸಪಾಟು, ಭತ್ತದ ಸೀಮೆ. ಒಂದು ಶಾಲೆಯ ಕೋಣೆಯಲ್ಲಿ ಬೆಂಚುಗಳನ್ನು ಒಂದು ಕಡೆ ಸರಿಸಿ ಜಮಖಾನ ಹಾಸಿ ಮಲಗಿದೆವು. ಆಗ ಜಿಲ್ಲೆ ದೊಡ್ಡದು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಸಂಡೂರು, ಹೊಸಪೇಟೆಯ ಹುಡುಗಿಯರೆಲ್ಲ ಒಂದೇ ಸಾಲಿನಲ್ಲಿ. ಬೆಳಿಗ್ಗೆ ಓಟಕ್ಕೆ ಮೊದಲು ಮೇಷ್ಟ್ರು ನೆನೆಸಿದ ಶೇಂಗಾ, ಬೆಲ್ಲದ ಚೂರು ಕೊಟ್ಟರು. ಬೀದಿಯಲ್ಲಿ ಒಗ್ಗರಣೆ-ಮಿರ್ಚಿಯ ವಾಸನೆ ಘಮಘಮ ಎನ್ನುತ್ತಿತ್ತು. 'ಓಟ ಮುಗಿಲಿ, ಎಷ್ಟು ಬೇಕಾದ್ರೂ ತಿನ್ನು' ಎಂದು ಬೈದು ಒಳಗೆ ಕಳಿಸಿದರು.

ನನ್ನ ಓಟದ ಬಗ್ಗೆ ಹೇಳಲು ಬಹಳವಿಲ್ಲ. ಕೊನೆಯ ತಿರುವಿನವರೆಗೂ ಮುಂದಿದ್ದೆ. ಹಿಂದೆ ಬರಿಗಾಲಿನ ಸಪ್ಪಳ ಕೇಳಿಸುತ್ತಲೇ ಇತ್ತು. ತಿರುವಿನಲ್ಲಿ ಆ ಸಪ್ಪಳ ನನ್ನ ಬಲಕ್ಕೆ ಬಂತು, ಆಮೇಲೆ ಮುಂದೆ ಹೋಯಿತು. ಕುರುಗೋಡಿನ ಹುಡುಗಿ. ನನಗಿಂತ ಗಿಡ್ಡಿ, ಎರಡು ಜಡೆಗೆ ಕೆಂಪು ರಿಬ್ಬನ್ನು. ಆಗ ಕುರುಗೋಡು ಬಳ್ಳಾರಿ ತಾಲ್ಲೂಕಿಗೆ ಸೇರಿತ್ತು. ಅವಳು ಅಲ್ಲಿನ ಬಂಡೆಗುಡ್ಡಗಳ ನಡುವೆ ಕುರಿ ಹಿಂದೆ ಓಡಿ ಬೆಳೆದವಳು. ಗೆರೆ ದಾಟಿದ ಮೇಲೆ ಇಬ್ಬರೂ ಮಣ್ಣಿನಲ್ಲಿ ಬಿದ್ದುಕೊಂಡೆವು. ಅವಳು ಉಸಿರು ಎಳೆಯುತ್ತಾ ನನ್ನನ್ನು ಕೇಳಿದ ಮೊದಲ ಮಾತು, 'ನಿಮ್ಮೂರಾಗ ಗುಡ್ಡ ಐತೇನು?' ಇಲ್ಲ ಎಂದೆ. 'ಅದಕ್ಕ ಮತ್ತ' ಎಂದಳು.

ಆಮೇಲೆ ನಡೆದದ್ದನ್ನು ಹೇಳಲೆಂದೇ ಇಷ್ಟೆಲ್ಲ ಹೇಳಿದೆ. ಧ್ವನಿವರ್ಧಕದಲ್ಲಿ ಫಲಿತಾಂಶ ಬಂತು: 'ಪ್ರಥಮ, ಚೆಸ್ಟ್ ನಂಬರ್ ಇಷ್ಟು. ದ್ವಿತೀಯ, ಚೆಸ್ಟ್ ನಂಬರ್ ಇಷ್ಟು.' ಅಷ್ಟೇ. ಅಪ್ಪ ಬೇಲಿಯ ಆಚೆ, ಪೇಟ ಕೈಯಲ್ಲಿ ಹಿಡಿದು ನಿಂತಿದ್ದ. ನಂಬರು ಅವನಿಗೆ ಅರ್ಥವಾಗಲಿಲ್ಲ. 'ನಮ್ಮುಡುಗೀದು ಏನಂದ್ರು?' ಎಂದು ಪಕ್ಕದವರನ್ನು ಕೇಳುತ್ತಿದ್ದದ್ದು ನನಗೆ ಕಾಣಿಸಿತು. ಮೇಷ್ಟ್ರಿಗೂ ಕಾಣಿಸಿರಬೇಕು. ಸೀದಾ ಮೇಜಿನ ಹತ್ತಿರ ಹೋಗಿ, ಒಂದು ಚೀಟಿ ಬರೆದು, ಕೈಮುಗಿದು ಏನೋ ಕೇಳಿಕೊಂಡರು. ಹೊತ್ತಿಲ್ಲ ಎಂದರೋ ಏನೋ, ಅವರು ಅಲ್ಲಿಂದ ಕದಲಲಿಲ್ಲ. ಕೊನೆಗೆ ಮೈಕನ್ನೇ ಅವರ ಕೈಗೆ ಕೊಟ್ಟರು. ಮೊದಲು ಕುರುಗೋಡಿನ ಹುಡುಗಿ: ಹೆಸರು, ತಂದೆ ಹೆಸರು, ಊರು. ಆಮೇಲೆ ನಾನು: ಹೆಸರು, ತಂದೆ ಹೆಸರು, ಊರು ದೇಶನೂರು. ಮೂರನೆಯವಳು ಹಡಗಲಿ ಕಡೆಯವಳು, ಅವಳದ್ದೂ ಹಾಗೇ. ಗೆದ್ದವಳು ತಮ್ಮ ಶಾಲೆಯವಳಲ್ಲ, ಆದರೂ ಅವಳ ಹೆಸರಿಗೆ ಅವರ ದನಿ ಒಂದಿಷ್ಟೂ ಇಳಿಯಲಿಲ್ಲ. ಅಪ್ಪ ಪೇಟ ಸುತ್ತಿಕೊಂಡ. ತನ್ನ ಹೆಸರನ್ನು ಮೈಕಿನಲ್ಲಿ ಅವನು ಕಿವಿಯಾರೆ ಕೇಳಿದ್ದು ಅದೊಂದೇ ಸಲ.

ಮೊದಲ ಇಬ್ಬರು ಗುಲ್ಬರ್ಗಾ ವಿಭಾಗ ಮಟ್ಟಕ್ಕೆ ಹೋದೆವು. ಅಲ್ಲಿ ನಾನು ಐದನೆಯವಳಾದೆ, ಅವಳು ರಾಜ್ಯ ಮಟ್ಟಕ್ಕೆ ಹೋದಳು. ನನ್ನ ಓಟ ಅಲ್ಲಿಗೆ ನಿಂತಿತು. ಪಿಯುಸಿ, ಅಂಚೆ ಇಲಾಖೆಯ ಕೆಲಸ, ಮದುವೆ, ಬಳ್ಳಾರಿಯಲ್ಲಿ ಮನೆ. ಅವಳು ಬಿ.ಪಿ.ಇಡಿ. ಮಾಡಿ ತಮ್ಮ ಸೀಮೆಯಲ್ಲೇ ದೈಹಿಕ ಶಿಕ್ಷಣ ಶಿಕ್ಷಕಿಯಾದಳು. ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ಹೋದಾಗಲೆಲ್ಲ ಅವಳ ಮನೆಯಲ್ಲೇ ನನ್ನ ಊಟ.

ಇಷ್ಟು ವರ್ಷಗಳಲ್ಲಿ ಎಷ್ಟೋ ಸನ್ಮಾನ ಸಮಾರಂಭಗಳನ್ನು ನೋಡಿದ್ದೇನೆ. ಆಹ್ವಾನ ಪತ್ರಿಕೆಯನ್ನು ತೆರೆದರೆ ಎರಡು ಪುಟದ ತುಂಬ ಗಣ್ಯರು, ಶಿಷ್ಟಾಚಾರದ ಕ್ರಮದಲ್ಲಿ ಒಬ್ಬರ ಕೆಳಗೊಬ್ಬರು. ಎಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ 'ಹಾಗೂ ದೈಹಿಕ ಶಿಕ್ಷಕರು, ಕ್ರೀಡಾಪಟುಗಳು'. ಹೆಸರಿಲ್ಲ. ಒಂದು ಕಾರ್ಯಕ್ರಮದಲ್ಲಿ ಅತಿಥಿಗಳು ಬರುವುದು ತಡವಾಗಿ ಮಕ್ಕಳು ಮೂರು ತಾಸು ಬಿಸಿಲಲ್ಲಿ ನಿಂತಿದ್ದನ್ನು, ಒಬ್ಬಳು ತಲೆ ತಿರುಗಿ ಬಿದ್ದದ್ದನ್ನು ನೋಡಿದೆ. ಮೂವತ್ತು ಹಾರಗಳು ವೇದಿಕೆಯ ಮೇಲಿನವರ ಕೊರಳಿಗೇ ಮುಗಿದವು. ಓಡಿದ ಮಕ್ಕಳಿಗೆ ಪ್ರಮಾಣಪತ್ರ ಕೊಟ್ಟದ್ದು ಜನರೆಲ್ಲ ಎದ್ದು ಹೋದ ಮೇಲೆ, ಖಾಲಿ ಕುರ್ಚಿಗಳ ಎದುರು. ಇದು ನನ್ನನ್ನು ನಿಜವಾಗಿ ನೋಯಿಸುತ್ತದೆ. ಹದಿನೈದು ವರ್ಷದ ಮಗುವಿಗೆ ಆ ಒಂದು ನಿಮಿಷ ಮತ್ತೆ ಸಿಗುವುದಿಲ್ಲ.

ನಮ್ಮ ರಾಜ್ಯದಲ್ಲಿ ಆಟಗಾರರಿಗೆ ಏಕಲವ್ಯ ಪ್ರಶಸ್ತಿ ಇದೆ, ಗ್ರಾಮೀಣ ಕ್ರೀಡೆಗಳವರಿಗೆ ಕ್ರೀಡಾರತ್ನ ಇದೆ. ತರಬೇತುದಾರರಿಗೆ ದೆಹಲಿಯ ದ್ರೋಣಾಚಾರ್ಯ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ದಶಕಗಟ್ಟಲೆ ಮಕ್ಕಳನ್ನು ಓಡಿಸಿದ ಎನ್. ಲಿಂಗಪ್ಪನವರಿಗೆ ಅದು ಬಂದದ್ದು 2014ರಲ್ಲಿ, ಇಳಿವಯಸ್ಸಿನಲ್ಲಿ. ಸುದ್ದಿ ಓದಿ ನಾನು ಮೇಷ್ಟ್ರಿಗೆ ಫೋನು ಮಾಡಿದ್ದೆ. 'ಬಂತಲ್ಲವ್ವಾ, ಬಂತಲ್ಲ' ಎಂದು ಎರಡು ಸಲ ಹೇಳಿದರು, ತಮಗೇ ಬಂದಂತೆ. ದ್ರೋಣ, ಏಕಲವ್ಯ ಎಂಬ ಎರಡು ಹೆಸರುಗಳನ್ನು ಒಟ್ಟಿಗೆ ಕೇಳಿದಾಗ ನನಗೆ ಆ ಹೆಬ್ಬೆರಳು ನೆನಪಾಗದೆ ಇರುವುದಿಲ್ಲ. ನಮ್ಮ ಮೇಷ್ಟ್ರು ಯಾರಿಂದಲೂ ಏನನ್ನೂ ಕೇಳಿದವರಲ್ಲ. ಸುಣ್ಣ ತಿಂದು ತಿಂದು ಒಡೆದದ್ದು ಅವರ ಬೆರಳುಗಳೇ.

ಹೋದ ವರ್ಷ ಕುರುಗೋಡಿನಲ್ಲಿ ನನ್ನ ಗೆಳತಿಯ ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ಕಾರ್ಯಕ್ರಮ ಇಟ್ಟುಕೊಂಡರು. ಆಗಸ್ಟ್ 29, ಧ್ಯಾನ್‌ಚಂದರು ಹುಟ್ಟಿದ ದಿನ, ರಾಷ್ಟ್ರೀಯ ಕ್ರೀಡಾ ದಿನ. ಕುರುಗೋಡು, ಸಿರುಗುಪ್ಪ, ಬಳ್ಳಾರಿಯ ಪ್ರೌಢಶಾಲೆಗಳಿಂದ ವಿಭಾಗ, ರಾಜ್ಯ ಮಟ್ಟಕ್ಕೆ ಹೋದ ಮಕ್ಕಳನ್ನೂ ಅವರನ್ನು ತಯಾರು ಮಾಡಿದ ಶಿಕ್ಷಕರನ್ನೂ ಗೌರವಿಸುವುದು ಎಂದು ಅವರ ಯೋಚನೆ. ಗೆಳತಿ ಎರಡು ಷರತ್ತು ಹಾಕಿದಳು. ವೇದಿಕೆಯ ಮೇಲೆ ಕುರ್ಚಿ ಮಕ್ಕಳಿಗೆ. ಮೈಕು ನಮ್ಮ ಮೇಷ್ಟ್ರಿಗೆ.

ಮೇಷ್ಟ್ರಿಗೆ ಈಗ ಎಂಬತ್ತು ದಾಟಿದೆ. ಹೆಂಡತಿ ತೀರಿಕೊಂಡು ಕೆಲವು ವರ್ಷವಾಯಿತು. ನಾನು ಕಾರು ಕಳಿಸುತ್ತೇನೆ ಎಂದರೂ ಕೇಳದೆ ಬಸ್ಸಿನಲ್ಲೇ ಬಂದಿಳಿದರು. ಇಳಿದವರು ಶಾಮಿಯಾನದ ಕಡೆಗೆ ಬರಲಿಲ್ಲ, ಮೈದಾನದ ಕಡೆ ಹೋದರು. ಮರುದಿನದ ಆಟಕ್ಕೆಂದು ಗೆರೆ ಹಾಕಿತ್ತು. ತಿರುವಿನ ಹತ್ತಿರ ಕಷ್ಟಪಟ್ಟು ಬಗ್ಗಿ ನೋಡಿ ಗೆಳತಿಯನ್ನು ಕೇಳಿದರು:

'ಎಷ್ಟು ಹಿಡಿದಿ?'

'ಹದಿನೆಂಟು ಎಂಬತ್ತು, ಸಾರ್.'

ತಲೆಯಾಡಿಸಿದರು. ಐವತ್ತರ ಗಡಿ ದಾಟಿದ ನನ್ನ ಗೆಳತಿಯ ಮುಖ ಆ ಕ್ಷಣದಲ್ಲಿ ಎರಡು ಜಡೆಯ ಹುಡುಗಿಯದಾಯಿತು.

ಮಕ್ಕಳು ಬಂದು ಮೇಷ್ಟ್ರ ಸುತ್ತ ನಿಂತರು. ಖೋಖೋ ಆಡುವವರು, ಕಬಡ್ಡಿಯವರು, ಉದ್ದಜಿಗಿತದ ಹುಡುಗ, ಈಟಿ ಎಸೆಯುವ ಹುಡುಗಿ. ಈಟಿಯವಳ ಬಾಯಲ್ಲಿ ನೀರಜ್ ಚೋಪ್ರಾ ಬಿಟ್ಟರೆ ಬೇರೆ ಮಾತಿಲ್ಲ. ಟೋಕಿಯೊದಲ್ಲಿ ಅವರು ಎಸೆದ 87.58 ಮೀಟರನ್ನು ತನ್ನ ಮನೆಯ ಅಡ್ರೆಸ್ಸು ಹೇಳಿದ ಹಾಗೆ ಹೇಳುತ್ತಾಳೆ. ನಮ್ಮದೇ ಜಿಲ್ಲೆಯ ತೋರಣಗಲ್ಲಿನ ಹತ್ತಿರ, ಜಿಂದಾಲ್ ಟೌನ್‌ಶಿಪ್ಪಿನಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ನೀರಜ್ ತರಬೇತಿ ಪಡೆದವರು. ಅಷ್ಟು ದೊಡ್ಡವರು ನಮ್ಮ ಊರ ಬಿಸಿಲಲ್ಲಿ ಬೆವರು ಹರಿಸಿದ್ದಾರೆ ಎಂಬುದು ಈ ಮಕ್ಕಳ ಕಾಲಿಗೆ ಕಸುವು ಕೊಟ್ಟಿದೆ. ನಮಗೆ ಒಂದು ನೋಟ್‌ಬುಕ್ಕಿನ ಚಿತ್ರ ಇತ್ತು, ಇವರಿಗೆ ಇದು. ಆದರೆ ತೋರಣಗಲ್ಲಿನ ಗೇಟಿನವರೆಗೆ ಮಗುವನ್ನು ಮುಟ್ಟಿಸುವವರು ಯಾರು? ಈಗಲೂ ಸೈಕಲ್ಲೋ ಬೈಕೋ ಏರಿ ಅಪ್ಪ-ಅವ್ವನನ್ನು ಒಪ್ಪಿಸಲು ಹೋಗುವ ಒಬ್ಬ ಡ್ರಿಲ್ ಮೇಷ್ಟ್ರು ಬೇಕು. ಎಷ್ಟೋ ಶಾಲೆಗಳಲ್ಲಿ ಆ ಹುದ್ದೆಯೇ ಖಾಲಿ.

ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಇತ್ತು. ಮೇಷ್ಟ್ರು ಭಾಷಣ ಮಾಡಲಿಲ್ಲ. ಕನ್ನಡಕ ಒರೆಸಿಕೊಂಡು ಪಟ್ಟಿಯನ್ನು ಕೈಗೆ ತೆಗೆದುಕೊಂಡು ಕೂಗತೊಡಗಿದರು. ದನಿ ಸ್ವಲ್ಪ ನಡುಗುತ್ತಿತ್ತು, ಆದರೆ ಆ ಬಿಡಿಬಿಡಿ ಉಚ್ಚಾರ ಹಾಗೇ ಇತ್ತು. ಹೆಸರು, ತಂದೆ ಹೆಸರು, ಊರು. ಎಮ್ಮಿಗನೂರು. ಓರ್ವಾಯಿ. ತೆಕ್ಕಲಕೋಟೆ. ಒಂದೊಂದು ಊರಿನ ಹೆಸರಿಗೂ ಜನರ ನಡುವೆ ಒಂದು ಕಡೆ ಗುಂಪೊಂದು ಎದ್ದು ಚಪ್ಪಾಳೆ ತಟ್ಟುತ್ತಿತ್ತು. ನಾನು ಅಪ್ಪನ ಪೇಟವನ್ನು ನೆನೆಯುತ್ತಾ ಕೂತಿದ್ದೆ.

ಖೋಖೋ ತಂಡದ ಒಬ್ಬಳ ಹೆಸರು ಕೂಗಿ ಮೇಷ್ಟ್ರು ನಿಂತರು. ಪಟ್ಟಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ. ಕಣ್ಣು ಕಿರಿದು ಮಾಡಿ ಹಾಳೆಯನ್ನು ಹತ್ತಿರ ಹಿಡಿದು ನೋಡಿದರು. ಹುಡುಗಿ ವೇದಿಕೆಯ ಅಂಚಿಗೆ ಬಂದವಳು ತಲೆ ತಗ್ಗಿಸಿದಳು. ಗೆಳತಿ ಏಳಲು ಹೋದಳು. ಮೇಷ್ಟ್ರು ಕೈಯಿಂದಲೇ ಕೂರು ಎಂದು, ಮೈಕನ್ನು ಪಕ್ಕಕ್ಕೆ ಸರಿಸಿ ಹುಡುಗಿಯ ಕಡೆ ಬಗ್ಗಿದರು. ಮುಂದಿನ ಸಾಲಿನಲ್ಲಿದ್ದ ನನಗೆ ಕೇಳಿಸಿತು.

'ಅವ್ವನ ಹೆಸರು ಏನವಾ?'

ಅವಳು ಏನೋ ಹೇಳಿದಳು. ಅವರಿಗೆ ಕೇಳಿಸಲಿಲ್ಲ, ಕಿವಿ ಮಂದ. ಇನ್ನೊಂದು ಸಲ ಹೇಳಿದಳು, ಸ್ವಲ್ಪ ಗಟ್ಟಿಯಾಗಿ. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು ಖಾಲಿ ಜಾಗದಲ್ಲಿ ನಿಧಾನವಾಗಿ ಬರೆದರು. ಬರೆದು ಮುಗಿಯುವವರೆಗೂ ಶಾಮಿಯಾನದಲ್ಲಿ ಸದ್ದಿರಲಿಲ್ಲ. ಆಮೇಲೆ ಮೈಕನ್ನು ಬಾಯಿಗೆ ಹಿಡಿದು, ನೆಟ್ಟಗೆ ನಿಂತು, ಮೊದಲಿನಿಂದ ಕೂಗಿದರು. ಹುಡುಗಿಯ ಹೆಸರು. ತಾಯಿಯ ಹೆಸರು. ಊರು ಬಾದನಹಟ್ಟಿ.

ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕ, ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಾ ಒಬ್ಬ ಹೆಂಗಸು ಎದ್ದು ನಿಂತಳು.